ಮೇಷ್ಟ್ರು, ಹುಡುಗರು ಮತ್ತು ಬೇರೆಯವರ ಮನೆಯ ಜಗಲಿ

ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಹೋದವರೆಲ್ಲ ಎದುರಿಗಿರುವ ಎಲ್ಫಿನ್‌ಸ್ಟನ್ ಕಾಲೇಜಿನ ಕಲ್ಲುಕಟ್ಟಡವನ್ನು ನೋಡಿರುತ್ತೇವೆ. ಮಳೆ ಬಂದರೆ ಅದರ ಕಮಾನುಗಳ ಕೆಳಗೆ ನಿಂತೂ ಇರುತ್ತೇವೆ. ಕಾಲೇಜು ಆ ಕಟ್ಟಡಕ್ಕೆ ಬಂದದ್ದು 1888ರಲ್ಲಿ. ನಾನು ಹೇಳಹೊರಟಿರುವುದು ಅದಕ್ಕಿಂತ 40 ವರ್ಷ ಹಿಂದಿನ ಕಥೆ. ಆಗ ಮುಂಬಯಿ ವಿಶ್ವವಿದ್ಯಾಲಯ ಇನ್ನೂ ಹುಟ್ಟಿರಲಿಲ್ಲ, ರೈಲು ಬಂದಿರಲಿಲ್ಲ, ಕಾಲೇಜಿನಲ್ಲಿ ಒಬ್ಬಳೇ ಒಬ್ಬ ಹುಡುಗಿಯೂ ಇರಲಿಲ್ಲ. ಆದರೂ ಈ ಕಥೆ ನಮ್ಮ ಮಹಿಳಾ ವಿಭಾಗದ ಸಂಚಿಕೆಗೆ ಸೇರಬೇಕಾದದ್ದು. ಆ ಕಾಲೇಜಿನ ಒಬ್ಬ ಪ್ರೊಫೆಸರ್ ಮತ್ತು ಅವರ ವಿದ್ಯಾರ್ಥಿಗಳು ಒಟ್ಟಿಗೆ ಕುಳಿತು ಓದಿ, ಚರ್ಚಿಸಿ, ಕೊನೆಗೆ ಎದ್ದು ಹೋಗಿ ಮಾಡಿದ ಕೆಲಸ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದಾಗಿತ್ತು.

ಈಗ ಕಾಲೇಜುಗಳಲ್ಲಿ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಜೊತೆಯಾಗಿ ಪಾಠಕ್ರಮ ರೂಪಿಸಬೇಕು, ಜೊತೆಯಾಗಿ ಕಲಿಯಬೇಕು ಎಂಬ ಮಾತು ಬಹಳ ಕೇಳಿಬರುತ್ತದೆ. ಮಕ್ಕಳು ಕಾಲೇಜಿಗೆ ಹೋಗುವ ಮನೆಗಳಲ್ಲಿ ಗ್ರೂಪ್ ಪ್ರಾಜೆಕ್ಟ್, ಪಿಯರ್ ಲರ್ನಿಂಗ್ ಎಂಬ ಶಬ್ದಗಳು ಊಟದ ಮೇಜಿಗೂ ಬಂದಿವೆ. ಇದೆಲ್ಲ ಹೊರದೇಶದಿಂದ ಬಂದ ಹೊಸ ವಿಚಾರ ಎಂದುಕೊಳ್ಳುವವರು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಬರೆದ ವರದಿಯನ್ನೊಮ್ಮೆ ನೋಡಬೇಕು. ಕನ್ನಡ ಮತ್ತು ತೆಲುಗು ಎರಡೂ ನಡೆಯುತ್ತಿದ್ದ ಆ ಜಿಲ್ಲೆಯಲ್ಲಿ ಆತ 533 ಶಾಲೆಗಳನ್ನು, 6,641 ಮಕ್ಕಳನ್ನು ಲೆಕ್ಕ ಹಾಕಿದ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮುಂದೆ ಕಲಿತ ಹುಡುಗರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು, ಹೇಳಿಕೊಡುತ್ತಲೇ ತಮ್ಮ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಉಳಿದ ವಿಷಯಗಳಲ್ಲಿ ನಮ್ಮ ಐಗಳ ಶಾಲೆಗಳನ್ನು ಸಾಕಷ್ಟು ಟೀಕಿಸಿದ ಕ್ಯಾಂಪ್‌ಬೆಲ್ ಈ ಒಂದು ಪದ್ಧತಿಯನ್ನು ಮಾತ್ರ ಮನಸಾರೆ ಮೆಚ್ಚಿದ. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದೂ ಬರೆದ. ಅನುಕರಿಸಿದ್ದು ನಿಜ. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಜಗಲಿ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ತನ್ನ ಶಾಲೆಯಲ್ಲೂ ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸಿದ. ಇಂಗ್ಲೆಂಡಿಗೆ ಮರಳಿ ಅದನ್ನು ‘ಮದರಾಸ್ ಪದ್ಧತಿ’ ಎಂದು ಪ್ರಚಾರ ಮಾಡಿದ. ಆಮೇಲೆ ಅದೇ ಪದ್ಧತಿ ಇಂಗ್ಲಿಷ್ ಉಡುಪು ತೊಟ್ಟು ಮುಂಬಯಿಯ ಶಾಲೆಗಳಿಗೂ ಬಂತು. ನಮ್ಮ ಮನೆಯ ಉಪ್ಪಿನಕಾಯಿ ಬಾಟಲಿಗೆ ಲೇಬಲ್ ಅಂಟಿಸಿಕೊಂಡು ಮತ್ತೆ ನಮ್ಮ ಮನೆಗೇ ಬಂದ ಹಾಗೆ.

ಕ್ಯಾಂಪ್‌ಬೆಲ್‌ನ ಪಟ್ಟಿಯ ಇನ್ನೊಂದು ಅಂಕಿಯನ್ನೂ ಗಮನಿಸಿ. ಆ 6,641 ಮಕ್ಕಳಲ್ಲಿ ಹುಡುಗಿಯರು 60.

ಈ ಹಿನ್ನೆಲೆಯಲ್ಲಿ ಮುಂಬಯಿಗೆ ಬರೋಣ. 1827ರಲ್ಲಿ ಗವರ್ನರ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಊರು ಬಿಟ್ಟಾಗ ಇಲ್ಲಿನ ಶೇಠರು, ವ್ಯಾಪಾರಿಗಳು ಸೇರಿ ಎರಡು ಲಕ್ಷಕ್ಕೂ ಮೀರಿದ ಹಣ ಕೂಡಿಸಿದರು. ಆತನ ಹೆಸರಿನಲ್ಲಿ ಇಂಗ್ಲಿಷ್ ಸಾಹಿತ್ಯ, ವಿಜ್ಞಾನಗಳನ್ನು ಕಲಿಸುವ ಪ್ರೊಫೆಸರರನ್ನು ನೇಮಿಸಬೇಕೆಂದು ನಿರ್ಧರಿಸಿದರು. ಮೊದಲ ಇಬ್ಬರು, ಆರ್ಥರ್ ಆರ್ಲೆಬಾರ್ ಮತ್ತು ಜಾನ್ ಹಾರ್ಕ್ನೆಸ್, 1835ರಲ್ಲಿ ಬಂದಿಳಿದರು. ಶಾಲೆಯೂ ಕಾಲೇಜೂ ಸೇರಿ ಎಲ್ಫಿನ್‌ಸ್ಟನ್ ಇನ್‌ಸ್ಟಿಟ್ಯೂಷನ್ ಆಯಿತು. ಪ್ರೊಫೆಸರರು ಕೈಬೆರಳೆಣಿಕೆಯಷ್ಟು, ಹುಡುಗರು ಬಹಳ. ಆದ್ದರಿಂದ ಓದು ಮುಗಿಸಿದ ಜಾಣ ಹುಡುಗರನ್ನೇ ಸಹಾಯಕ ಅಧ್ಯಾಪಕರನ್ನಾಗಿ ಇಟ್ಟುಕೊಳ್ಳುವ ಪರಿಪಾಠ ಬೆಳೆಯಿತು. ಮರಾಠಿ ಪತ್ರಿಕೋದ್ಯಮದ ಮೊದಲಿಗರಾದ ಬಾಳಶಾಸ್ತ್ರಿ ಜಾಂಭೇಕರರು ಹೀಗೆ ಪಾಠ ಹೇಳಿದವರು. ದಾದಾಭಾಯಿ ನವರೋಜಿ ಹೀಗೆ ಪಾಠ ಹೇಳಿದವರು. ಹುಡುಗರಿಗೆ ಇವರು ಅಣ್ಣಂದಿರು, ಬಿಳಿಯ ಪ್ರೊಫೆಸರರಿಗೆ ನಿನ್ನೆಯ ಶಿಷ್ಯರು. ಈ ನಡುವಿನವರು ಇಲ್ಲದಿದ್ದರೆ ಮುಂದಿನ ಕಥೆ ನಡೆಯುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ನವರೋಜಿ ಎಂದರೆ ನಮಗೆ ಪಠ್ಯಪುಸ್ತಕದ ಗಡ್ಡದ ಅಜ್ಜ. ಕಾಂಗ್ರೆಸ್ಸಿನ ಅಧ್ಯಕ್ಷ, 1892ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಗೆದ್ದವರು, ದೇಶದ ಸಂಪತ್ತು ಹೇಗೆ ಹೊರಗೆ ಹರಿದುಹೋಗುತ್ತಿದೆ ಎಂದು ಲೆಕ್ಕ ಹಾಕಿ ತೋರಿಸಿದವರು. 1848ರಲ್ಲಿ ಅವರಿಗೆ ಇನ್ನೂ 23 ತುಂಬಿರಲಿಲ್ಲ. ನಾಲ್ಕು ವರ್ಷದವರಿದ್ದಾಗ ತಂದೆ ತೀರಿಕೊಂಡರು. ತಾಯಿ ಮಾಣಿಕ್‌ಬಾಯಿ ಒಬ್ಬರೇ ಬೆಳೆಸಿದರು. ಶಾಲೆಗೆ ಫೀಸು ಇರಲಿಲ್ಲವಾದ್ದರಿಂದ ಓದು ಸಾಧ್ಯವಾಯಿತು. ಸಾರ್ವಜನಿಕರ ಹಣದಲ್ಲಿ ಪಡೆದ ವಿದ್ಯೆಯ ಫಲವನ್ನು ಸಾರ್ವಜನಿಕರಿಗೇ ಮರಳಿಸಬೇಕೆಂಬ ವಿಚಾರ ಆ ವಯಸ್ಸಿನಲ್ಲೇ ತಮ್ಮ ಮನಸ್ಸಿನಲ್ಲಿ ಕೂತಿತು ಎಂದು ಮುಪ್ಪಿನಲ್ಲಿ ಅವರು ನೆನಪಿಸಿಕೊಂಡಿದ್ದಾರೆ.

1848ರ ಜೂನ್‌ನಲ್ಲಿ ಪ್ರೊಫೆಸರ್ ಜೋಸೆಫ್ ಪ್ಯಾಟನ್ನರ ಆಸರೆಯಲ್ಲಿ ಕಾಲೇಜಿನ ಹುಡುಗರೂ ಸಹಾಯಕ ಅಧ್ಯಾಪಕರೂ ಸೇರಿ ಒಂದು ಸಂಘ ಕಟ್ಟಿದರು. ಹೆಸರು ಸ್ಟೂಡೆಂಟ್ಸ್ ಲಿಟರರಿ ಅಂಡ್ ಸೈಂಟಿಫಿಕ್ ಸೊಸೈಟಿ. ಪ್ಯಾಟನ್ ಅಧ್ಯಕ್ಷರು. ತರಗತಿಯಲ್ಲಿ ಪ್ರೊಫೆಸರ್ ಮಾತಾಡುತ್ತಿದ್ದರು, ಹುಡುಗರು ಕೇಳುತ್ತಿದ್ದರು. ಸಂಘದಲ್ಲಿ ಹುಡುಗ ಎದ್ದು ನಿಂತು ಪ್ರಬಂಧ ಓದುತ್ತಿದ್ದ, ಪ್ರೊಫೆಸರ್ ಕೇಳುತ್ತಿದ್ದರು. ಓದಿದ ಮೇಲೆ ಎಲ್ಲರೂ ಅದನ್ನು ಹಿಂಜುತ್ತಿದ್ದರು. ಧರ್ಮ ಮತ್ತು ರಾಜಕೀಯವನ್ನು ಎತ್ತಬಾರದು ಎಂಬ ಕಟ್ಟು ಇತ್ತು. ಕೇಳಲು ಪುಕ್ಕಲುತನ ಅನ್ನಿಸಬಹುದು. ಆದರೆ ಆಗಿನ ಮುಂಬಯಿಯನ್ನು ನೆನೆದರೆ ಕಾರಣ ತಿಳಿಯುತ್ತದೆ. 1839ರಲ್ಲಿ ಪಾದ್ರಿ ಜಾನ್ ವಿಲ್ಸನ್ನರ ಶಾಲೆಯ ಇಬ್ಬರು ಪಾರ್ಸಿ ಹುಡುಗರು ಕ್ರೈಸ್ತರಾದಾಗ ಊರೇ ಅಲ್ಲೋಲಕಲ್ಲೋಲವಾಗಿತ್ತು. ಇಂಗ್ಲಿಷ್ ಓದು ಎಂದರೆ ಮಗ ಕೈತಪ್ಪಿ ಹೋಗುವ ದಾರಿ ಎಂಬ ಭಯ ಮನೆಮನೆಯಲ್ಲೂ ಇತ್ತು. ಸ್ವತಃ ನವರೋಜಿಯವರನ್ನು ಇಂಗ್ಲೆಂಡಿಗೆ ಕಳಿಸಿ ಬ್ಯಾರಿಸ್ಟರ್ ಮಾಡಿಸಬೇಕೆಂದು ನ್ಯಾಯಾಧೀಶ ಅರ್ಸ್ಕಿನ್ ಪೆರ್‍ರಿ ಅರ್ಧ ಖರ್ಚು ಕೊಡಲು ಮುಂದೆ ಬಂದಿದ್ದರೂ ಇದೇ ಭಯದಿಂದ ಆ ಯೋಜನೆ ಬಿದ್ದುಹೋಗಿತ್ತು.

ಸಂಘದ ಮೊದಲ ಒಳ್ಳೆಯ ಕೆಲಸ, ನನ್ನ ಲೆಕ್ಕದಲ್ಲಿ, ಇಂಗ್ಲಿಷಿನಿಂದ ಹೊರಗೆ ಬಂದದ್ದು. ಅದೇ ವರ್ಷ ಅದರ ಕೊಂಬೆಗಳಾಗಿ ಮರಾಠಿಗೆ ಒಂದು, ಗುಜರಾತಿಗೆ ಒಂದು ಜ್ಞಾನಪ್ರಸಾರಕ ಸಭೆ ಹುಟ್ಟಿದವು. ಮರಾಠಿ ಸಭೆಗೆ ವ್ಯಾಕರಣಕಾರ ದಾದೋಬಾ ಪಾಂಡುರಂಗರು ಅಧ್ಯಕ್ಷರಾದರು. ಪ್ರೊಫೆಸರರಿಂದ ಕಲಿತ ಖಗೋಳ, ಪ್ರಕೃತಿವಿಜ್ಞಾನಗಳನ್ನು ಹುಡುಗರು ತಮ್ಮ ಮಾತಿನಲ್ಲಿ ಸಾಮಾನ್ಯ ಜನರಿಗೆ ಹೇಳಬೇಕಾಯಿತು. ಕಾಲೇಜಿನಲ್ಲಿ ಬಾಯಿಪಾಠ ಒಪ್ಪಿಸಿ ಪಾರಾಗಬಹುದು. ತರಕಾರಿ ವ್ಯಾಪಾರಿಯ ಮುಂದೆ ಗ್ರಹಣ ಏಕೆ ಆಗುತ್ತದೆಂದು ಗುಜರಾತಿಯಲ್ಲಿ ವಿವರಿಸುವಾಗ ಅರ್ಥವಾಗದೆ ಇರುವುದು ತಕ್ಷಣ ಬಯಲಾಗುತ್ತದೆ. ಮಕ್ಕಳಿಗೆ ಭಾನುವಾರದ ಕನ್ನಡ ಪಾಠ ಹೇಳಲು ಕುಳಿತ ನಮ್ಮ ಸದಸ್ಯೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಅಲ್ಪಪ್ರಾಣ ಎಂದರೇನು ಆಂಟೀ’ ಎಂದು ಏಳು ವರ್ಷದ ಹುಡುಗ ಕೇಳಿದಾಗ ನಮ್ಮ ವ್ಯಾಕರಣ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಎಲ್ಲರಿಗೂ ಗೊತ್ತು.

ಮುಖ್ಯ ವಿಷಯ ನಡೆದದ್ದು 1849ರಲ್ಲಿ. ಬೆಹರಾಮ್‌ಜಿ ಗಾಂಧಿ ಎಂಬ ಸದಸ್ಯ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಬಗ್ಗೆ ಪ್ರಬಂಧ ಓದಿದರು. ಬಿಸಿಬಿಸಿ ಚರ್ಚೆಯಾಯಿತು. ಇಂತಹ ಸಭೆಗಳಲ್ಲಿ ಮುಂದೆ ಏನಾಗುತ್ತದೆಂದು ಸಂಘ ಸಂಸ್ಥೆಗಳಲ್ಲಿ ಕೆಲಸ ಮಾಡಿದ ನಮಗೆ ಚೆನ್ನಾಗಿ ಗೊತ್ತು: ವಂದನಾರ್ಪಣೆ, ಚಹಾ, ಮನೆ. ಅಂದು ಹಾಗಾಗಲಿಲ್ಲ. ಪ್ಯಾಟನ್ ಹುಡುಗರನ್ನು ಮಾತಿನಿಂದ ಕೆಲಸದ ಕಡೆಗೆ ತಳ್ಳಿದರು. ಇಷ್ಟೆಲ್ಲ ಹೇಳಿದ ಮೇಲೆ ನೀವೇನು ಮಾಡುವಿರಿ ಎಂಬುದು ಅವರ ಪ್ರಶ್ನೆಯ ಸಾರ. ಸದಸ್ಯರು ತಾವೇ ಸಂಬಳವಿಲ್ಲದೆ ಪಾಠ ಹೇಳುತ್ತೇವೆಂದು ಎದ್ದು ನಿಂತರು. ಕಾಲೇಜಿನ ಕೆಲಸದಿಂದ ಬಿಡುವಾದ ಹೊತ್ತಿನಲ್ಲಿ ಪಾಠ.

ಪಾಠ ಹೇಳಲು ಹುಡುಗರು ಸಿದ್ಧ, ಕಲಿಯಲು ಹುಡುಗಿಯರು ಎಲ್ಲಿ? ಅವರನ್ನು ಕರೆತರುವುದು ಪಾಠಕ್ಕಿಂತ ದೊಡ್ಡ ಕೆಲಸವಾಯಿತು. ನವರೋಜಿ ಮತ್ತು ಗೆಳೆಯರು ಮನೆಮನೆಗೆ ಹೋದರು. ಶಾಲೆಗೆ ಕಳಿಸದಿದ್ದರೆ ಬೇಡ, ನಿಮ್ಮದೇ ಮನೆಯ ಜಗಲಿಯಲ್ಲಿ ಕುಳಿತು ನಿಮ್ಮ ಕಣ್ಣೆದುರಿಗೇ ಹೇಳಿಕೊಡುತ್ತೇವೆ ಎಂದು ಕೇಳಿಕೊಂಡರು. ಕೆಲವರು ಒಪ್ಪಿದರು. ಕೆಲವು ಅಪ್ಪಂದಿರು ಮೆಟ್ಟಿಲಿನಿಂದ ಕೆಳಕ್ಕೆ ದಬ್ಬುತ್ತೇವೆಂದು ಗದರಿಸಿ ಕಳಿಸಿದರು. ಅಪ್ಪಂದಿರ ಸಿಟ್ಟನ್ನು ಬರೀ ಮೌಢ್ಯ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಇಪ್ಪತ್ತರ ಆಸುಪಾಸಿನ, ಪರಿಚಯವಿಲ್ಲದ ಗಂಡುಹುಡುಗರು ಬಂದು ನಿಮ್ಮ ಮಗಳಿಗೆ ಪಾಠ ಹೇಳುತ್ತೇವೆ ಎಂದರೆ ಇಂದಿನ ಹೌಸಿಂಗ್ ಸೊಸೈಟಿಯಲ್ಲೂ ವಾಚ್‌ಮನ್ ಗೇಟು ತೆರೆಯುವುದಿಲ್ಲ.

ಇಲ್ಲಿ ಮಾಣಿಕ್‌ಬಾಯಿ ಮತ್ತೆ ಬರುತ್ತಾರೆ. ಅವರಿಗೆ ಓದು ಬರಹ ಬಾರದು. ನವರೋಜಿಯವರೇ ಹಾಗೆಂದು ಬರೆದಿದ್ದಾರೆ. ಆದರೂ ಕಾಲದ ಪೂರ್ವಗ್ರಹಗಳಿಗೆ ಎದುರಾಗಿ ಹೆಣ್ಣುಮಕ್ಕಳ ಶಿಕ್ಷಣದ ಕೆಲಸದಲ್ಲಿ ತಾಯಿ ತಮ್ಮೊಂದಿಗೆ ಮನಃಪೂರ್ವಕ ದುಡಿದರೆಂದೂ, ತಾನು ಏನಾದೆನೋ ಅದು ಆಕೆಯಿಂದಲೇ ಎಂದೂ ಅದೇ ಉಸಿರಿನಲ್ಲಿ ಹೇಳಿದ್ದಾರೆ. ಇತಿಹಾಸದ ಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸಿ ಮುಂದೆ ಹೋಗುತ್ತವೆ. ನನಗೆ ಮಾತ್ರ ಈ ಸಾಲಿನ ಬಳಿ ಕಾಲು ನಿಲ್ಲುತ್ತದೆ. ಬಾಗಿಲು ಅಪ್ಪಂದಿರದ್ದು ಇರಬಹುದು. ಬಾಗಿಲಿನ ಹಿಂದೆ ನಿಂತು ಕೇಳಿಸಿಕೊಂಡವರು ಅಮ್ಮಂದಿರು, ಅಜ್ಜಿಯರು. ಕಾಲೇಜಿನ ಹುಡುಗನ ಇಂಗ್ಲಿಷ್ ವಾದ ಅವರಿಗೆ ಬೇಕಾಗಿರಲಿಲ್ಲ. ಈ ಹುಡುಗ ಯಾರ ಮಗ, ಅವನ ತಾಯಿ ಎಂಥವಳು ಎಂಬುದು ಬೇಕಾಗಿತ್ತು. ಮಗನನ್ನು ಒಬ್ಬಳೇ ಬೆಳೆಸಿದ ವಿಧವೆಯ ಮಾತಿಗೆ ನೆರೆಹೊರೆಯಲ್ಲಿದ್ದ ಬೆಲೆ ಪ್ಯಾಟನ್ನರ ಮಾತಿಗೆ ಇರಲು ಸಾಧ್ಯವಿರಲಿಲ್ಲ.

ಅದೇ ವರ್ಷದ ಕೊನೆಯ ಭಾಗದಲ್ಲಿ ಶಾಲೆಗಳು ಶುರುವಾದವು. ಮೊದಲಿಗೆ ಸೇರಿದವರು 44 ಪಾರ್ಸಿ ಹುಡುಗಿಯರು, 24 ಹಿಂದೂ ಹುಡುಗಿಯರು. ಗಿರಗಾಂವಿನಲ್ಲಿ ಜಗನ್ನಾಥ ಶಂಕರಶೇಠರು ತಮ್ಮ ಜಾಗವನ್ನೇ ಮರಾಠಿ ಶಾಲೆಗೆ ಬಿಟ್ಟುಕೊಟ್ಟರು. ಅಂಥ ದೊಡ್ಡ ಶೇಠರ ಅಂಗಳದಲ್ಲಿ ಶಾಲೆ ಎಂದಮೇಲೆ ಅರ್ಧ ಜನರ ಬಾಯಿ ತಾನಾಗಿ ಮುಚ್ಚಿತು. ಪಾರ್ಸಿ ಶಾಲೆಗಳಿಗೆ ಕಾಮಾ ಕುಟುಂಬದವರು ಹಣ ಕೊಟ್ಟರು. ಹಣ ಬಂದ ಮೇಲೆ ಸಂಬಳದ ಶಿಕ್ಷಕರನ್ನು ನೇಮಿಸಲಾಯಿತು, ಹುಡುಗರು ಮೇಲ್ವಿಚಾರಣೆಗೆ ಸರಿದರು. ಎಷ್ಟೇ ಉತ್ಸಾಹವಿದ್ದರೂ ಪುಕ್ಕಟೆ ದುಡಿಮೆಯ ಮೇಲೆ ಶಾಲೆಯೊಂದು ಬಹಳ ದಿನ ನಿಲ್ಲುವುದಿಲ್ಲ ಎಂಬುದನ್ನು ಅವರು ಬೇಗ ಅರಿತರು.

ಮುಂಬಯಿಯಲ್ಲಿ ಹೆಣ್ಣುಮಕ್ಕಳ ಶಾಲೆ ಇವರಿಂದಲೇ ಮೊದಲಾಯಿತು ಎಂದು ಕೆಲವೊಮ್ಮೆ ಬರೆಯುತ್ತಾರೆ. ಅದು ಸರಿಯಲ್ಲ. ಅಮೆರಿಕನ್ ಮಿಷನ್ನಿನವರು 1824ರಲ್ಲೇ ಇಲ್ಲಿ ಹುಡುಗಿಯರ ಶಾಲೆ ತೆರೆದಿದ್ದರು. ಜಾನ್ ವಿಲ್ಸನ್ನರ ಪತ್ನಿ ಮಾರ್ಗರೆಟ್ 1829ರ ಹೊತ್ತಿಗೆ ಆರಂಭಿಸಿದ್ದರು. ಪುಣೆಯ ಭಿಡೆವಾಡೆಯಲ್ಲಿ ಸಾವಿತ್ರಿಬಾಯಿ ಮತ್ತು ಜೋತಿಬಾ ಫುಲೆ ಶಾಲೆ ತೆರೆದದ್ದು 1848ರಲ್ಲಿ, ಅದೂ ಯಾರೂ ಹತ್ತಿರ ಸೇರಿಸದ ಜಾತಿಗಳ ಮಕ್ಕಳನ್ನೂ ಒಳಗೊಳ್ಳುವ ದಾರಿಯಲ್ಲಿ, ಸೆಗಣಿ ಮಣ್ಣಿನ ಏಟು ತಿಂದು. ಅವರ ಮುಂದೆ ಎಲ್ಫಿನ್‌ಸ್ಟನ್ನಿನ ಹುಡುಗರ ಸಾಹಸ ಸೌಮ್ಯವಾದದ್ದೇ. ಹುಡುಗರ ಶಾಲೆಗಳಿಗೆ ಬಂದವರು ಹೆಚ್ಚಾಗಿ ಅನುಕೂಲಸ್ಥ ಜಾತಿ ಸಮುದಾಯಗಳ ಮಕ್ಕಳು. ಹೊಸತು ಇದ್ದದ್ದು ಬೇರೆ ಕಡೆ. ಪಾದ್ರಿಗಳಿಲ್ಲದೆ, ಸರ್ಕಾರವಿಲ್ಲದೆ, ಒಂದು ಕಾಲೇಜಿನ ಮೇಷ್ಟ್ರು ಮತ್ತು ಹುಡುಗರು ತಮ್ಮ ಓದಿನ ಮುಂದುವರಿಕೆಯಾಗಿ ಇದನ್ನು ಮಾಡಿದರು. ಮತಾಂತರದ ಭಯವಿದ್ದ ಮನೆಗಳು ಮಿಷನ್ ಶಾಲೆಗೆ ಎಂದೂ ಕಳಿಸದ ಮಗಳನ್ನು ನೆರೆಮನೆಯ ಹುಡುಗನ ಶಾಲೆಗೆ ಕಳಿಸಲು ಧೈರ್ಯ ಮಾಡಿದವು.

ಹುಡುಗರ ಉದ್ದೇಶವನ್ನೂ ತುಸು ಕೆದಕಬೇಕು. ಆ ಕಾಲದ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಬರುವ ವಾದ ಓದಿದ ಗಂಡನಿಗೆ ಓದಿದ ಹೆಂಡತಿ ಬೇಕು, ಒಳ್ಳೆಯ ಮಕ್ಕಳಿಗೆ ಒಳ್ಳೆಯ ತಾಯಿ ಬೇಕು ಎಂಬುದು. ಹುಡುಗಿಗೆ ತನಗಾಗಿಯೇ ವಿದ್ಯೆ ಬೇಕೆಂದು ಹೇಳಿದವರು ವಿರಳ. ನವರೋಜಿ ಆ ವಿರಳರಲ್ಲಿ ಒಬ್ಬರು. ಈ ಲೋಕದ ಹಕ್ಕು, ಸವಲತ್ತು, ಕರ್ತವ್ಯಗಳೆಲ್ಲ ಗಂಡಸಿನಷ್ಟೇ ಹೆಂಗಸಿಗೂ ಸೇರಿದ್ದೆಂದು ಭಾರತೀಯರು ಮುಂದೊಂದು ದಿನ ಅರಿಯುವರು ಎಂಬ ಅರ್ಥದ ಮಾತನ್ನು ಅವರು ಆಡಿದ್ದಾರೆ. ಆ ದಿನ ಇನ್ನೂ ಬಂದಿಲ್ಲವೆಂಬ ಎಚ್ಚರವೂ ಅವರಿಗಿತ್ತು.

ಸಂಘದ ಗಂಡಸರ ಹೆಸರುಗಳೆಲ್ಲ ನಮಗೆ ಸಿಗುತ್ತವೆ. ರಸ್ತೆಗೆ, ವೃತ್ತಕ್ಕೆ, ಮ್ಯೂಸಿಯಮ್ಮಿಗೆ ಅವರ ಹೆಸರಿದೆ. ಫೋರ್ಟಿನಲ್ಲಿ ದಾದಾಭಾಯಿ ನವರೋಜಿ ರಸ್ತೆ, ಭಾಯ್‌ಖಳಾದಲ್ಲಿ ಭಾವು ದಾಜಿ ಲಾಡ್ ಮ್ಯೂಸಿಯಂ. ಮೊದಲ ದಿನ ಬಂದು ಕುಳಿತ ಆ 68 ಹುಡುಗಿಯರು ಪುಸ್ತಕಗಳಲ್ಲಿ ಬರುವುದು ಸಂಖ್ಯೆಯಾಗಿ. ಓದು ಕಲಿತು ಅವರು ಏನು ಓದಿದರು, ಮದುವೆಯಾದ ಮೇಲೆ ಸ್ಲೇಟು ಮುಟ್ಟಿದರೋ ಇಲ್ಲವೋ, ತಮ್ಮ ಮಗಳನ್ನು ಶಾಲೆಗೆ ಕಳಿಸುವ ಹೊತ್ತಿಗೆ ಅತ್ತೆಯ ಜೊತೆ ಜಗಳಾಡಿದರೋ, ಇವು ನಮಗೆ ಬೇಕಾದ ಪ್ರಶ್ನೆಗಳು. ಒಂದು ಪರೋಕ್ಷ ಸುಳಿವು ಮಾತ್ರ ಇದೆ. 1857ರಲ್ಲಿ ಮುಂಬಯಿಯಿಂದ ‘ಸ್ತ್ರೀಬೋಧ’ ಎಂಬ ಗುಜರಾತಿ ಮಾಸಪತ್ರಿಕೆ ಹೊರಟಿತು. ಹೆಂಗಸರಿಗಾಗಿಯೇ ಪತ್ರಿಕೆ ತರುವ ಧೈರ್ಯ ಯಾರಿಗಾದರೂ ಬರಬೇಕಾದರೆ ಓದಬಲ್ಲ ಹೆಂಗಸರು ಊರಿನಲ್ಲಿ ಇರಲೇಬೇಕಲ್ಲ. ಶಾಲೆಗಳು ಶುರುವಾಗಿ ಆಗ ಎಂಟು ವರ್ಷ.

ಹುಡುಗಿಯರಿಗೆ ಪಾಠ ಹೇಳಲು ಹೋದ ಹುಡುಗರಿಗೆ ಏನಾಯಿತು ಎಂಬುದು ಇದಕ್ಕಿಂತ ಸ್ಪಷ್ಟ. ನವರೋಜಿ 1850ರ ದಶಕದ ಮಧ್ಯದಲ್ಲಿ ಅದೇ ಕಾಲೇಜಿನಲ್ಲಿ ಗಣಿತ ಮತ್ತು ಪ್ರಕೃತಿವಿಜ್ಞಾನದ ಪ್ರೊಫೆಸರ್ ಆದರು. ಭಾರತೀಯನೊಬ್ಬನಿಗೆ ಆ ಹುದ್ದೆ ದೊರೆತದ್ದು ಅದೇ ಮೊದಲು. ಆಮೇಲೆ ಬಂದ ಎಲ್ಲ ಬಿರುದುಗಳಿಗಿಂತ ಪ್ರೊಫೆಸರ್ ಎಂಬುದೇ ತನಗೆ ಹೆಮ್ಮೆ ತಂದದ್ದು ಎಂದು ಮುದುಕರಾದಾಗ ಹೇಳಿದರು. ಭಾವು ದಾಜಿ ಗ್ರಾಂಟ್ ಮೆಡಿಕಲ್ ಕಾಲೇಜಿನ ಮೊದಲ ತಂಡದ ವೈದ್ಯರಾದರು, ಹಳೆಯ ಶಾಸನಗಳ ವಿದ್ವಾಂಸರಾದರು, ಮುಂದೆ ಪ್ಯಾಟನ್ ಕುಳಿತಿದ್ದ ಅದೇ ಸಂಘದ ಅಧ್ಯಕ್ಷ ಪೀಠದಲ್ಲಿ ಕುಳಿತರು. ಬೆಲೆ ತೆತ್ತವರೂ ಇದ್ದಾರೆ. ಅದೇ ಬಳಗದ ಗುಜರಾತಿ ಯುವಕ ಕರಸನ್‌ದಾಸ ಮೂಲ್‌ಜಿ ವಿಧವಾ ವಿವಾಹದ ಪರ ಪ್ರಬಂಧ ಬರೆದದ್ದು ಗೊತ್ತಾಗಿ, ಆತನನ್ನು ಸಾಕಿದ ಬಂಧು ಮಹಿಳೆ ಮನೆಯಿಂದ ಹೊರಗೆ ಹಾಕಿದರು. ಪರೀಕ್ಷೆಗೆ ಬರೆದ ಪ್ರಬಂಧಕ್ಕೆ ಅಂಕ ಕಡಿಮೆಯಾದೀತು. ಇಂಥ ಪ್ರಬಂಧಕ್ಕೆ ಅನ್ನ ತಪ್ಪಿತು.

ಕನ್ನಡ ನಾಡಿಗೂ ಈ ಕಾಲೇಜಿಗೂ ಏನು ನಂಟು ಎಂದು ಕೇಳುವಿರಿ. ಧಾರವಾಡ, ಬೆಳಗಾವಿ, ವಿಜಾಪುರದ ಕಡೆ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಮದರಾಸಿಗೆ ಸೇರಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿಗೆ ವರ್ಗಾಯಿಸಿದರು. ಧಾರವಾಡದ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅಲ್ಲಿಯವರೆಗೆ ಆ ಭಾಗದ ಹುಡುಗನಿಗೆ ಬಿ.ಎ. ಬೇಕೆಂದರೆ ಬುತ್ತಿ ಕಟ್ಟಿಕೊಂಡು ಪುಣೆಗೋ ಮುಂಬಯಿಗೋ ಹೊರಡಬೇಕು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ ರಾ. ಹ. ದೇಶಪಾಂಡೆಯವರೂ ಮುಂಬಯಿ ವಿಶ್ವವಿದ್ಯಾಲಯದ ಎಂ.ಎ.

ಹೊನ್ನಾವರದ ನಾರಾಯಣ ಗಣೇಶ ಚಂದಾವರ್ಕರರು ಎಲ್ಫಿನ್‌ಸ್ಟನ್ ಕಾಲೇಜಿಗೇ ಸೇರಿದರು. ಮನೆಮಾತು ಕೊಂಕಣಿ, ಊರಮಾತು ಕನ್ನಡ. ಮುಂಬಯಿಯಲ್ಲಿ ಆಸರೆಯಾದವರು ಸೋದರಮಾವ ಶಾಮರಾವ್ ವಿಠ್ಠಲ ಕಾಯ್ಕಿಣಿ. ನಮ್ಮಲ್ಲಿ ಹಲವರ ಉಳಿತಾಯ ಖಾತೆ ಇರುವ ಎಸ್‌ವಿಸಿ ಬ್ಯಾಂಕಿನ ಹೆಸರಿನಲ್ಲಿರುವ ಶಾಮರಾವ್ ವಿಠ್ಠಲರು ಇವರೇ. 1906ರಲ್ಲಿ ಆ ಬ್ಯಾಂಕನ್ನು ಕಟ್ಟಿದ ತಲ್ಮಕಿಯವರು ತಮ್ಮ ಗುರುವಿನ ಹೆಸರನ್ನೇ ಅದಕ್ಕೆ ಇಟ್ಟರು. ಚಂದಾವರ್ಕರರು ಕಾನೂನು ಮುಗಿಸುವ ಮುಂಚೆ ಅದೇ ಕಾಲೇಜಿನಲ್ಲಿ ದಕ್ಷಿಣಾ ಫೆಲೋ ಆಗಿದ್ದರು. ಪೇಶ್ವೆಗಳು ಪಂಡಿತರಿಗೆ ಹಂಚುತ್ತಿದ್ದ ದಕ್ಷಿಣೆಯ ಹಣವನ್ನು ಇಂಗ್ಲಿಷರು ಕಾಲೇಜಿನ ಕಡೆ ತಿರುಗಿಸಿ ಮಾಡಿದ ಏರ್ಪಾಡು ಇದು. ಓದುತ್ತಿರುವವನೇ ಕೆಳಗಿನ ತರಗತಿಗೆ ಪಾಠ ಹೇಳುವುದು, ಅದರಿಂದ ಒಂದಿಷ್ಟು ಸಂಬಳ. ರಾನಡೆಯವರೂ ಹೀಗೆಯೇ ಬೆಳೆದವರು. ಬಳ್ಳಾರಿಯ ಮರಳಿನ ಶಾಲೆಯ ರೀತಿಯೇ ಕಾಲೇಜಿನಲ್ಲಿ ದೊಡ್ಡ ಹೆಸರಿನಿಂದ ನಡೆಯುತ್ತಿತ್ತು ಎನ್ನಬಹುದು. ಚಂದಾವರ್ಕರರು ಮುಂದೆ 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರೂ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರೂ ವಿಶ್ವವಿದ್ಯಾಲಯದ ಕುಲಪತಿಗಳೂ ಆದರು.

ಇಪ್ಪತ್ತನೆಯ ಶತಮಾನದ ಮುಂಬಯಿ ಕನ್ನಡಿಗರ ರಾತ್ರಿಶಾಲೆಗಳ ಬಗ್ಗೆ ಮನೆಯ ಹಿರಿಯರಿಂದ ಕೇಳದವರು ನಮ್ಮಲ್ಲಿ ಕಡಿಮೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗ ರಾತ್ರಿ ಬೆಂಚಿನ ಮೇಲೆ ಕುಳಿತರೆ, ಹಗಲು ಕಚೇರಿಯಲ್ಲಿ ದುಡಿದವರೋ ಕಾಲೇಜಿನಲ್ಲಿ ಓದುತ್ತಿದ್ದವರೋ ಎದುರಿಗೆ ನಿಂತು ಪಾಠ ಹೇಳುತ್ತಿದ್ದರು. ಅದರ ಬಗ್ಗೆ ಬೇರೆಯೇ ಲೇಖನ ಬೇಕು. ಆದರೆ ಅಲ್ಲಿಯೂ ಬೆಂಚು ಬಹುಮಟ್ಟಿಗೆ ಹುಡುಗರದ್ದೇ ಆಗಿತ್ತು ಎಂಬುದನ್ನು ಮಾತ್ರ ಇಲ್ಲಿ ಹೇಳಿಬಿಡುತ್ತೇನೆ.

ಹುಡುಗಿಯರ ಕಡೆಗೆ ಮರಳಿದರೆ, ಶಾಲೆಯಿಂದ ಕಾಲೇಜಿನ ಬಾಗಿಲಿಗೆ ಬರಲು ಅವರಿಗೆ ಬಹಳ ಕಾಲ ಹಿಡಿಯಿತು. ಮುಂಬಯಿ ವಿಶ್ವವಿದ್ಯಾಲಯ ಸ್ತ್ರೀಯರಿಗೂ ಪದವಿ ಕೊಡಬಹುದೆಂದು ಒಪ್ಪಿದ್ದು 1883ರಲ್ಲಿ, ಆ ಜಗಲಿ ಪಾಠಗಳ 34 ವರ್ಷಗಳ ನಂತರ. ಮೊದಲ ಪದವೀಧರೆ ಕಾರ್ನೇಲಿಯಾ ಸೊರಾಬ್‌ಜಿ ಓದಿದ್ದು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ, ಗಂಡುಹುಡುಗರ ನಡುವೆ ಒಬ್ಬರೇ.

1889ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ಪಂಡಿತಾ ರಮಾಬಾಯಿ ‘ಶಾರದಾ ಸದನ’ ತೆರೆದರು. ರಮಾಬಾಯಿ ನಮ್ಮ ಕಡೆಯವರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರದು ಕಾರ್ಕಳದ ಹತ್ತಿರದ ಮಾಳ, ಈಕೆ ಹುಟ್ಟಿದ್ದು 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಶಾಸ್ತ್ರಿಗಳು ಹೆಂಡತಿಗೆ ಸಂಸ್ಕೃತ ಕಲಿಸಿ ಊರವರ ಕೋಪಕ್ಕೆ ಗುರಿಯಾದರು, ಕಲಿತ ಹೆಂಡತಿ ಲಕ್ಷ್ಮೀಬಾಯಿ ಮಗಳಿಗೆ ಕಲಿಸಿದರು. ಕಾಲೇಜೂ ಇಲ್ಲ, ಸಂಘವೂ ಇಲ್ಲ, ಕಲಿತವಳು ಕಲಿಸಿದಳು, ಅಷ್ಟೇ. ಶಾರದಾ ಸದನಕ್ಕೆ ಮೊದಲು ಬಂದ ವಿಧವೆಯರಲ್ಲಿ ಗೋದೂಬಾಯಿ ಒಬ್ಬರು. 1893ರಲ್ಲಿ ಅವರು ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದಿಬಾಯಿ ಆದರು. ಕರ್ವೆ 1884ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಮಾಡಿ, ಮುಂಬಯಿಯ ಹೆಣ್ಣುಮಕ್ಕಳ ಶಾಲೆಗಳಲ್ಲಿ ಗಣಿತ ಹೇಳಿ, ಆಮೇಲೆ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋದವರು. 1916ರಲ್ಲಿ ಅವರು ಪುಣೆಯಲ್ಲಿ ಮಹಿಳಾ ವಿಶ್ವವಿದ್ಯಾಲಯ ಆರಂಭಿಸಿದಾಗ ಮಾತೃಭಾಷೆಯಲ್ಲೇ ಪಾಠ ಎಂದು ನಿಯಮ ಮಾಡಿದರು. ಇಂದಿನ ಎಸ್‌ಎನ್‌ಡಿಟಿ ಅದೇ. ಅದರ ಮೊದಲ ಕುಲಾಧಿಪತಿ ರಾಮಕೃಷ್ಣ ಗೋಪಾಳ ಭಂಡಾರಕರರು ಎಲ್ಫಿನ್‌ಸ್ಟನ್ನಿನಲ್ಲಿ ವಿದ್ಯಾರ್ಥಿಯಾಗಿದ್ದವರು, ಅಲ್ಲಿಯೇ ಸಂಸ್ಕೃತ ಪಾಠ ಹೇಳಿದವರು. ಆ ಮೊದಲ ವರ್ಷ ಅವರ ಹೊಸ ವಿಶ್ವವಿದ್ಯಾಲಯಕ್ಕೆ ಸೇರಿದ ಹುಡುಗಿಯರು ಐವರು.